ಗರಿಷ್ಠ ಬೆಲೆಗಿಂತ ಮೊದಲೇ ಬರುವ ಮಿತಿ

ಈ ವಾರದ ವೆಚ್ಚ ಪರಿಶೀಲನಾ ಸಭೆಯಲ್ಲಿ ನಮ್ಮ ಯೋಜನಾ ವ್ಯವಸ್ಥಾಪಕರು, ಅಂದಾಜು ವೆಚ್ಚ 121ಕ್ಕೆ ಏರಿದ್ದರೂ ಲಾಭ 5.8 ಉಳಿಯುತ್ತದೆಂದು ಪರದೆಯ ಮೇಲಿನ ಹಸಿರು ಚೌಕವನ್ನು ತೋರಿಸಿದರು. (ಅಂಕಿಗಳನ್ನು 100ರ ಅಳತೆಗೆ ಇಳಿಸಿ ಬರೆಯುತ್ತಿದ್ದೇನೆ.) ಗುತ್ತಿಗೆದಾರರಾದ ನಮಗೂ ಕೆಲಸ ಕೊಟ್ಟವರಿಗೂ ಇರುವ ಒಪ್ಪಂದದಲ್ಲಿ ಗುರಿ ಮೀರಿದ ವೆಚ್ಚವನ್ನು ಇಬ್ಬರೂ ಹಂಚಿಕೊಳ್ಳಬೇಕು, ಆದರೆ ಅವರು ಕೊಡುವ ಒಟ್ಟು ಮೊತ್ತ ಗರಿಷ್ಠ ಬೆಲೆಯನ್ನು ದಾಟುವಂತಿಲ್ಲ. ಗುರಿ ವೆಚ್ಚ 100, ಗುರಿ ಲಾಭ 10, ಗರಿಷ್ಠ ಬೆಲೆ 125, ಹೆಚ್ಚುವರಿ ವೆಚ್ಚದಲ್ಲಿ ಕೆಲಸ ಕೊಟ್ಟವರ ಪಾಲು ಶೇ. 80, ನಮ್ಮದು ಶೇ. 20. ಹೆಚ್ಚಾದ 21ರಲ್ಲಿ ನಮ್ಮ ಪಾಲು 4.2, ಅದನ್ನು 10ರಲ್ಲಿ ಕಳೆದರೆ 5.8 ಬರುವುದೇನೋ ನಿಜ.

ಆಗ ಇತ್ತೀಚೆಗೆ ಸೇರಿದ ಎಂಜಿನಿಯರ್ ಕೇಳಿದಳು: "ಸರ್, 121ಕ್ಕೆ 5.8 ಕೂಡಿಸಿದರೆ 126.8 ಆಗುತ್ತದೆ. ಅವರು 125ಕ್ಕಿಂತ ಹೆಚ್ಚು ಕೊಡುವುದಿಲ್ಲವಲ್ಲ?"

"ಅದನ್ನು ಕೊನೆಯ ಬಿಲ್ಲಿನಲ್ಲಿ ನೋಡಿಕೊಳ್ಳೋಣಮ್ಮ" ಎಂದರು ಅವರು.

ಆ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ. ಅವರು ಕೆಟ್ಟವರಲ್ಲ, ಕೆಲಸ ಬಲ್ಲವರು. ಆದರೆ ಅನುಭವಿಗಳಿಗೆ ಕಿರಿಯರ ಪ್ರಶ್ನೆಯನ್ನು ಮುಂದೂಡುವುದು ಬಹಳ ಸಲೀಸು. ಕೊನೆಯ ಬಿಲ್ಲಿನಲ್ಲಿ ನೋಡುವುದಕ್ಕೆ ಉಳಿದಿದ್ದಾದರೂ ಏನು? ಗರಿಷ್ಠ ಬೆಲೆಯಿಂದ ಗುರಿ ಬೆಲೆ (ಗುರಿ ವೆಚ್ಚ, ಗುರಿ ಲಾಭ ಎರಡೂ ಸೇರಿ) 110ನ್ನು ಕಳೆದು, ಉಳಿದ 15ನ್ನು ಕೆಲಸ ಕೊಟ್ಟವರ ಪಾಲಾದ 0.8ರಿಂದ ಭಾಗಿಸಿ, ಬಂದ 18.75ನ್ನು ಗುರಿ ವೆಚ್ಚಕ್ಕೆ ಸೇರಿಸಿದರೆ 118.75. ಪಾಯಿಂಟ್ ಆಫ್ ಟೋಟಲ್ ಅಸಂಪ್ಷನ್, ಅಂದರೆ ಪೂರ್ತಿ ಹೊರೆ ಹೊರುವ ಬಿಂದು, ಎನ್ನುವುದು ಇದನ್ನೇ. ಅದನ್ನು ದಾಟಿದ ಪ್ರತಿ ರೂಪಾಯಿಯೂ ಪೂರ್ತಿ ಗುತ್ತಿಗೆದಾರನ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ 121ರಲ್ಲಿ ನಮ್ಮ ಲಾಭ 4 ಮಾತ್ರ. ಉಳಿತಾಯಕ್ಕೂ ಹೆಚ್ಚಳಕ್ಕೂ ಬೇರೆ ಬೇರೆ ಪಾಲು ನಿಗದಿಯಾಗಿರುವ ಒಪ್ಪಂದಗಳಲ್ಲಿ ಹೆಚ್ಚಳದ ಪಾಲನ್ನೇ ಇಲ್ಲಿ ಹಿಡಿಯಬೇಕು.

ಈ ಗೆರೆ ದಾಟಿದ ಗುತ್ತಿಗೆದಾರನ ಕಣ್ಣು ಕೆಲಸಕ್ಕಿಂತ ಕಡತದ ಮೇಲೆಯೇ ಹೆಚ್ಚು. ಯಾವ ಪತ್ರದಲ್ಲಿ ಹೆಚ್ಚುವರಿ ಕೆಲಸ ಹೇಳಿದ್ದರು, ಯಾವ ಪರೀಕ್ಷೆಯನ್ನು ಮೊಟಕುಗೊಳಿಸಬಹುದು ಎಂಬ ಹುಡುಕಾಟ ಶುರುವಾಗುತ್ತದೆ. ಇನ್ನು ತಮಗೇನೂ ಹೊರೆಯಿಲ್ಲವೆಂದು ಕೆಲಸ ಕೊಟ್ಟವರು ನಿಶ್ಚಿಂತರಾಗುವುದೂ ಇದೇ ಹೊತ್ತಿನಲ್ಲಿ.

ಪಾಲು 60:40 ಆಗಿದ್ದರೆ ಈ ಬಿಂದು ನೇರವಾಗಿ 125ಕ್ಕೆ ಬಂದು ಕೂರುತ್ತಿತ್ತು. ಆದರೆ 121ರಲ್ಲಿ ನಮಗೆ ಉಳಿಯುತ್ತಿದ್ದದ್ದು 1.6 ಅಷ್ಟೇ, ಹಾಗೆ ನೋಡಿದರೆ ನಮಗೆ ಸಿಕ್ಕಿದ್ದು ಉದಾರವಾದ ಒಪ್ಪಂದ. ಆ ಉದಾರತೆಯೇ ನಮ್ಮನ್ನು 118ರವರೆಗೂ ನಿದ್ದೆಗೆಡದಂತೆ ನೋಡಿಕೊಂಡಿತು. ಮೊದಲ ಹೆಚ್ಚಳದಲ್ಲೇ ಶೇ. 40 ನಮ್ಮ ಜೇಬಿನಿಂದ ಹೋಗಿದ್ದರೆ ಆ ಹುಡುಗಿಯ ಪ್ರಶ್ನೆಯನ್ನು ವ್ಯವಸ್ಥಾಪಕರೇ ಎಷ್ಟೋ ತಿಂಗಳ ಹಿಂದೆ ಕೇಳಿರುತ್ತಿದ್ದರು.