ಮೊದಲ ಟ್ರಯಲ್‌ನ ಹಿಂದಿನ ದಿನ

ಬಾಲಾ, ಉತ್ತರ ವೇಲ್ಸ್
2025 ನವೆಂಬರ್ 7, ಶುಕ್ರವಾರ

ನಾಳೆ ನನ್ನ ನಾಯಿ ನೆಲ್‌ಗೂ ನನಗೂ ಮೊದಲ ಕುರಿನಾಯಿ ಟ್ರಯಲ್. ಎಳೆಯ ನಾಯಿಗಳಿಗೆಂದೇ ಚಳಿಗಾಲದಲ್ಲಿ ನಡೆಸುವ, ಇಲ್ಲಿಯವರು ನರ್ಸರಿ ಎಂದು ಕರೆಯುವ ಚಿಕ್ಕ ಸ್ಪರ್ಧೆ ಅದು. ನೋಡಲು ಬರುವವರು ಸುತ್ತಮುತ್ತಲ ಕುರಿ ಸಾಕಣೆದಾರರೇ ಹೊರತು ಜನಜಂಗುಳಿಯೇನೂ ಇರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಮಧ್ಯಾಹ್ನದಿಂದ ಊಟ ಸೇರುತ್ತಿಲ್ಲ, ಅಂಗೈ ಬೆವರುವುದು ನಿಂತಿಲ್ಲ. ಪಶುವೈದ್ಯಳಾಗಿ ನಡುರಾತ್ರಿ ಕೊಟ್ಟಿಗೆಯಲ್ಲಿ ಮಂಡಿಯೂರಿ, ಅಡ್ಡ ಸಿಕ್ಕಿಕೊಂಡ ಮರಿಯನ್ನು ಹೊರತೆಗೆಯುವಾಗ ನಡುಗದ ಕೈ ಈಗೇಕೆ ನಡುಗುತ್ತಿದೆ ಎಂದು ಯೋಚಿಸುತ್ತ ಕುಳಿತಾಗ ಕಾರಣ ತಿಳಿಯಿತು. ಅಲ್ಲಿ ಕೆಲಸ ಮಾಡುವುದು ನನ್ನದೇ ಕೈ. ನಾಳೆ ಕೆಲಸ ಮಾಡುವವಳು ನನ್ನಿಂದ ಬಹುದೂರ, ಗುಡ್ಡದ ಮೇಲಿರುವ ನೆಲ್. ಅವಳವರೆಗೆ ತಲುಪುವುದು ನನ್ನ ದನಿ ಮತ್ತು ಸಿಳ್ಳೆ ಎರಡೇ. ಅಂಜಿಕೆ ಮೊಟ್ಟಮೊದಲು ಕೆಡಿಸುವುದೂ ಆ ಎರಡನ್ನೇ.

ಟ್ರಯಲ್ ನೋಡಿರದವರಿಗಾಗಿ ಒಂದಿಷ್ಟು ವಿವರ. ನಾಯಿ ನಡೆಸುವವರು ಹೊಲದ ಕೆಳತುದಿಯಲ್ಲಿ ನೆಟ್ಟ ಗೂಟದ ಬಳಿ ನಿಲ್ಲಬೇಕು. ಮೇಲ್ತುದಿಗೆ ನಾಲ್ಕೈದು ಕುರಿಗಳನ್ನು ತಂದು ಬಿಡುತ್ತಾರೆ. ನಾಯಿ ಕುರಿಗಳಿಗೆ ಗಾಬರಿಯಾಗದಂತೆ ಅಗಲವಾಗಿ ಬಳಸಿಕೊಂಡು ಓಡಿ ಅವುಗಳ ಹಿಂಬದಿಗೆ ಬರುವುದು ಔಟ್‌ರನ್, ಅಲ್ಲಿಂದ ಮೆಲ್ಲಗೆ ಹೆಜ್ಜೆಯಿಟ್ಟು ಅವುಗಳನ್ನು ಕದಲಿಸುವ ಆ ಕ್ಷಣ ಲಿಫ್ಟ್, ಎರಡು ತಡಿಕೆಗಳ ನಡುವಿನಿಂದ ನೇರವಾಗಿ ಗೂಟದತ್ತ ತರುವುದು ಫೆಚ್, ಅನಂತರ ಮತ್ತೆ ದೂರಕ್ಕೆ ಅಟ್ಟಿಕೊಂಡು ಹೋಗುವುದು ಡ್ರೈವ್, ಕೊನೆಗೆ ರೊಪ್ಪಕ್ಕೆ ತುಂಬುವುದು. ದೊಡ್ಡ ಸ್ಪರ್ಧೆಗಳ ಪದ್ಧತಿಯಲ್ಲಿ ಔಟ್‌ರನ್‌ಗೆ 20, ಲಿಫ್ಟ್‌ಗೆ 10, ಫೆಚ್‌ಗೆ 20, ಡ್ರೈವ್‌ಗೆ 30, ರೊಪ್ಪಕ್ಕೆ 10 ಅಂಕಗಳಿರುತ್ತವೆ. ಎಲ್ಲರೂ ಪೂರ್ಣ ಅಂಕದಿಂದಲೇ ಶುರುಮಾಡುತ್ತಾರೆ. ತೀರ್ಪುಗಾರರು ಕುಂದು ಕಂಡಂತೆಲ್ಲ ಕಳೆಯುತ್ತ ಹೋಗುತ್ತಾರೆ. ಈ ಲೆಕ್ಕದಲ್ಲಿ ನನಗೊಂದು ಸಮಾಧಾನ ಸಿಕ್ಕಿದೆ. ಮೊದಲ ಮೂರು ಭಾಗಗಳ 50 ಅಂಕಗಳನ್ನು ಒಳ್ಳೆಯ ನಾಯಿ ನಮ್ಮಿಂದ ಹೆಚ್ಚು ಮಾತಿಲ್ಲದೆ ಬಹುಮಟ್ಟಿಗೆ ತಾನೇ ಉಳಿಸಿಕೊಳ್ಳುತ್ತದೆ. ಓಡುತ್ತಿರುವ ನಾಯಿಗೆ ನಡುವೆ ಕೂಗಿ ದಾರಿ ತಿದ್ದಿದರೆ ಅದಕ್ಕೂ ಅಂಕ ಹೋಗುತ್ತದೆ. ಅಂದರೆ ನನ್ನ ಎದೆಬಡಿತ ಅತ್ಯಂತ ಜೋರಾಗಿರುವ ಮೊದಲ ಒಂದೆರಡು ನಿಮಿಷಗಳಲ್ಲಿ ನಾನು ಮಾಡಬೇಕಾದ ಕೆಲಸ ಬಾಯಿ ಬಿಗಿಹಿಡಿದು ನಿಲ್ಲುವುದು.

ಕುರಿಗಾರರ ಸೀಟಿಯನ್ನು ನೋಡಿದವರಿಗೆ ಅದರ ಕಷ್ಟ ಗೊತ್ತಿರುತ್ತದೆ. ಅರ್ಧಚಂದ್ರಾಕಾರಕ್ಕೆ ಮಡಿಸಿ, ನಡುವೆ ತೂತು ಕೊರೆದ ಚಿಕ್ಕ ತಗಡು. ಅದನ್ನು ತುಟಿಗಳ ನಡುವೆ ಇಟ್ಟು ನಾಲಿಗೆಯಿಂದ ಗಾಳಿಯನ್ನು ತಿದ್ದಿ ಊದಬೇಕು. ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಲು ಒಂದು ಸಿಳ್ಳೆ, ಬಲಕ್ಕೆ ಇನ್ನೊಂದು, ನಿಲ್ಲಲು ಉದ್ದನೆಯದು, ಮುಂದಕ್ಕೆ ನಡೆಯಲು ಗಿಡ್ಡನೆಯ ಎರಡು. ಅಂಜಿಕೆಯಾದಾಗ ಬಾಯಿಯಲ್ಲಿ ಜೊಲ್ಲು ಒಣಗುತ್ತದೆ, ಒಣಗಿದ ನಾಲಿಗೆ ತಗಡಿಗೆ ಅಂಟುತ್ತದೆ, ಉದ್ದಕ್ಕೆ ಬರಬೇಕಾದ ಸಿಳ್ಳೆ ನಡುವೆ ತುಂಡಾಗಿ ಬರಿಯ ಗಾಳಿಯಾಗುತ್ತದೆ. ನವೆಂಬರಿನ ಚಳಿಗೆ ತುಟಿಯೂ ಮರಗಟ್ಟಿದರೆ ಮುಗಿಯಿತು. ಹಾಗಾಗಿ ನನ್ನ ಸಿದ್ಧತೆಯಲ್ಲಿ ಮೊದಲನೆಯದು ನೀರಿನ ಬಾಟಲಿ, ಎರಡನೆಯದು ಸೀಟಿಯನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟು ಬೆಚ್ಚಗಿಡುವುದು. ಗೂಟದತ್ತ ನಡೆಯುವ ಮೊದಲು ಒಂದು ಗುಟುಕು ಕುಡಿದು, ಕಾರಿನ ಹಿಂದೆ ನಿಂತು ನಿಲ್ಲುವ ಸಿಳ್ಳೆಯನ್ನೊಮ್ಮೆ ಮೆಲ್ಲಗೆ ಊದಿ ನೋಡಬೇಕು.

ನೆಲ್‌ಳನ್ನು ನನಗೆ ಮರಿಯಾಗಿ ಕೊಟ್ಟ ಪಕ್ಕದ ಫಾರ್ಮಿನ ಹಿರಿಯರು ಹೇಳಿಕೊಟ್ಟ ಒಂದು ಅಭ್ಯಾಸ ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಗುಡ್ಡದ ಏರನ್ನು ಓಡುತ್ತ ಹತ್ತಿ, ಏದುಸಿರು ಬರುತ್ತಿರುವಾಗಲೇ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ನಾಯಿಯನ್ನು ಕಳಿಸಬೇಕು. ಮೊದಮೊದಲು ದನಿ ತಾನಾಗಿ ಏರುತ್ತಿತ್ತು, ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತಿತ್ತು, ನೆಲ್ ಅದನ್ನು ಬೇಗ ಓಡು ಎಂಬ ಅಪ್ಪಣೆಯೆಂದೇ ತಿಳಿದು ಕುರಿಗಳ ಮೇಲೆ ನುಗ್ಗುತ್ತಿದ್ದಳು. ಈಗ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಆ ಉಸಿರಿನ ಕೊನೆಯಲ್ಲಿ ದನಿ ತಗ್ಗಿಸಿ ‘ಲೈ ಡೌನ್’ ಎನ್ನಲು ಕಲಿತಿದ್ದೇನೆ. ಎದೆ ಬಡಿದುಕೊಳ್ಳುತ್ತಿದ್ದರೂ ಆಜ್ಞೆ ನಿಧಾನವಾಗಿ ಹೊರಡಬಲ್ಲದು ಎಂಬುದನ್ನು ಮೈ ಕಲಿತುಕೊಂಡಿದೆ. ಆದ್ದರಿಂದ ನಾಳೆ ಎದೆ ಬಡಿದುಕೊಂಡರೆ ಅದು ನನಗೆ ಪರಿಚಯವಿಲ್ಲದ ಸ್ಥಿತಿಯಾಗಿರುವುದಿಲ್ಲ.

ಅಂಜಿಕೆಯನ್ನು ನಾಯಿಯಿಂದ ಬಚ್ಚಿಡಬಹುದೆಂಬ ಆಸೆಯನ್ನು ಮಾತ್ರ ನಾನು ಬಿಟ್ಟಿದ್ದೇನೆ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ಕಷ್ಟದ ಬಾಯಿಲೆಕ್ಕ ಕೊಟ್ಟು, ಅದಕ್ಕೆ ಮೊದಲು ಮತ್ತು ಅದರ ನಂತರ ಅವರ ಬೆವರು ಮತ್ತು ಉಸಿರಿನ ಮಾದರಿಗಳನ್ನು ಸಂಗ್ರಹಿಸಿ ನಾಯಿಗಳಿಗೆ ಮೂಸಲು ಕೊಟ್ಟರು. ಆತಂಕದ ವಾಸನೆ ಯಾವುದೆಂದು ಆ ನಾಯಿಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದವು. ಸ್ವೀಡನ್ನಿನ ಲಿಂಶಾಪಿಂಗ್ ವಿಶ್ವವಿದ್ಯಾಲಯದ 2019ರ ಅಧ್ಯಯನವಂತೂ ಬಾರ್ಡರ್ ಕೋಲಿ ಮತ್ತು ಶೆಟ್ಲೆಂಡ್ ಕುರಿನಾಯಿಗಳ ಕೂದಲಿನಲ್ಲಿರುವ, ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸಾಲ್‌ನ ಪ್ರಮಾಣ ಅವುಗಳ ಒಡತಿಯರ ಪ್ರಮಾಣದೊಂದಿಗೆ ಹೊಂದಿಕೊಂಡು ಏರಿಳಿಯುವುದನ್ನು ತೋರಿಸಿತು. ಹೀಗಿರುವಾಗ ನಾಳೆ ನನ್ನ ಪಕ್ಕದಲ್ಲೇ ನಿಲ್ಲುವ ನೆಲ್‌ಗೆ ನನ್ನ ಸ್ಥಿತಿ ತಿಳಿಯದಿರಲು ಸಾಧ್ಯವಿಲ್ಲ. ಅವಳು ತಿಳಿದುಕೊಳ್ಳಲಿ. ನನ್ನ ಹೆಜ್ಜೆ, ದನಿ, ಸಿಳ್ಳೆಗಳು ಮಾತ್ರ ದಿನವೂ ಇರುವಂತೆಯೇ ಇದ್ದರೆ, ವಾಸನೆ ಏನೇ ಹೇಳಿದರೂ ಕೆಲಸ ಎಂದಿನದೇ ಎಂದು ಅವಳಿಗೆ ಅನ್ನಿಸುತ್ತದೆ ಎಂಬ ನಂಬಿಕೆ ನನಗಿದೆ.

ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವುದರಿಂದ ಮಧ್ಯಾಹ್ನವೇ ಹೋಗಿ ಹೊಲವನ್ನು ಬೇಲಿಯ ಹೊರಗಿನಿಂದ ನೋಡಿಕೊಂಡು ಬಂದೆ. ಅಂಜಿಕೆಗೆ ಇದರಷ್ಟು ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಸರದಿ ಮುಗಿಸಿದ ಕುರಿಗಳನ್ನು ಕೂಡುವ ದೊಡ್ಡಿ ಎಲ್ಲಿದೆಯೋ ಆ ಕಡೆಗೆ ಹೊಸ ಕುರಿಗಳು ಯಾವಾಗಲೂ ಎಳೆಯುತ್ತವೆ, ಏಕೆಂದರೆ ಅವುಗಳ ಜೊತೆಗಾತಿಯರು ಅಲ್ಲಿರುತ್ತವೆ. ಇಲ್ಲಿ ಆ ದೊಡ್ಡಿ ಬಲಗಡೆಯ ತಗ್ಗಿನಲ್ಲಿದೆ. ಆದ್ದರಿಂದ ಫೆಚ್‌ನ ಉದ್ದಕ್ಕೂ ಕುರಿಗಳು ನನ್ನ ಬಲಕ್ಕೆ ಜಾರುತ್ತವೆ, ನೆಲ್ ಆ ಬದಿಯನ್ನು ಹಿಡಿದುಕೊಂಡೇ ಬರಬೇಕು, ಡ್ರೈವ್‌ನಲ್ಲಿ ದೊಡ್ಡಿಯ ಕಡೆಗೆ ತಿರುಗುವಾಗ ಅವು ಒಮ್ಮೆಗೇ ವೇಗ ಪಡೆಯುತ್ತವೆ. ನಾಳೆ ಓಡುವುದು ವೆಲ್ಷ್ ಮೌಂಟನ್ ಕುರಿಗಳು; ಮೈ ಹಗುರ, ಕಿವಿ ಚುರುಕು, ನಾಯಿಯನ್ನು ಬಹಳ ದೂರದಿಂದಲೇ ಗ್ರಹಿಸುತ್ತವೆ. ಬೆಳಿಗ್ಗೆ ಬೇಗ ತಲುಪಿ, ನಮ್ಮ ಸರದಿಗೆ ಮೊದಲು ಓಡುವ ನಾಯಿಗಳನ್ನು ನೋಡುವಾಗ ನಾಯಿಗಳಿಗಿಂತ ಕುರಿಗಳನ್ನೇ ಹೆಚ್ಚು ನೋಡಬೇಕೆಂದಿದ್ದೇನೆ. ಕುರಿಯ ಬಗ್ಗೆ ಯೋಚಿಸುವ ಮನಸ್ಸಿಗೆ ತನ್ನ ಬಗ್ಗೆ ಯೋಚಿಸಲು ಬಿಡುವಿರುವುದಿಲ್ಲ.

ಚಳ್ಳಕೆರೆಯಿಂದ ಅಣ್ಣ ಫೋನ್ ಮಾಡಿದ್ದ. ನಮ್ಮ ಕಡೆ ನಾಯಿ ಇರುವುದು ತೋಳದಿಂದ ಹಿಂಡನ್ನು ಕಾಯಲು. ಕುರಿಗಳನ್ನು ನಡೆಸುವುದು ಕುರುಬನ ಕೂಗು ಮತ್ತು ಕೋಲು. ನಾಯಿಯೇ ಕುರಿಗಳನ್ನು ಅಟ್ಟಿಕೊಂಡು ಬರುತ್ತದೆ ಎಂಬುದು ಅಣ್ಣನಿಗೆ ಇಂದಿಗೂ ಬೆರಗು. ಕುರಿಗಳ ವಿಷಯದಲ್ಲಿ ಮಾತ್ರ ಅವನ ಅನುಭವ ನನ್ನದಕ್ಕಿಂತ ದೊಡ್ಡದು. “ಕುರಿ ನಿಂತು ಮೇಯೋಕೆ ತಲೆ ಬಗ್ಗಿಸೋವರ್ಗೂ ನಾಯಿ ಬಿಡಬ್ಯಾಡ ಕಣವ್ವ” ಎಂದ. ಇಲ್ಲಿನ ಹಿರಿಯರು ಹೇಳಿದ್ದೂ ಅದನ್ನೇ. ಗೂಟದ ಬಳಿ ನಿಂತ ಕೂಡಲೇ ನಾಯಿಯನ್ನು ಕಳಿಸಿಬಿಡುವುದು ಹೊಸಬರ ಅವಸರ. ಕುರಿಗಳು ಶಾಂತವಾಗುವವರೆಗೆ ಕಾಯುವುದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ನಾನಿರುವ ಈ ಬಾಲಾದಲ್ಲೇ 1873ರ ಅಕ್ಟೋಬರ್ 9ರಂದು, ರಿವ್ಲಾಸ್ ಎಸ್ಟೇಟಿನ ರಿಚರ್ಡ್ ಜಾನ್ ಲಾಯ್ಡ್ ಪ್ರೈಸ್ ಅವರ ಏರ್ಪಾಡಿನಲ್ಲಿ ಬ್ರಿಟನ್ನಿನ ಮೊದಲ ದಾಖಲಿತ ಟ್ರಯಲ್ ನಡೆಯಿತು. ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್‌ಲೆಂಡಿನ ಕುರಿಗಾರರೊಬ್ಬರು ಟ್ವೀಡ್ ಎಂಬ ನಾಯಿಯೊಂದಿಗೆ ಗೆದ್ದರು. ಆ ಸ್ಪರ್ಧಿಗಳಲ್ಲಿ ಯಾರಿಗೂ ಹಿಂದಿನ ಟ್ರಯಲ್‌ನ ಅನುಭವ ಇದ್ದಿರಲಾರದು ಎಂಬುದನ್ನು ಈ ದಿನ ಆಗಾಗ ನೆನೆದುಕೊಳ್ಳುತ್ತಿದ್ದೇನೆ. ಪರಊರಿನಿಂದ ಬಂದು ನೆಲೆಸಿದವನೊಬ್ಬ ಗೆದ್ದನೆಂಬುದೂ ನನಗೆ ಇಷ್ಟವಾದ ವಿವರ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಗುರಗೊಳಿಸಿದ್ದು ಇಂದು ಸಂಜೆ ಕೈಗೊಂಡ ಒಂದು ತೀರ್ಮಾನ. ಜನರೆದುರು ಸೋಲುವುದಕ್ಕಿಂತ, ನನ್ನ ಗಾಬರಿಯ ಬೆಲೆಯನ್ನು ನೆಲ್ ಮತ್ತು ಆ ಕುರಿಗಳು ತೆರಬೇಕಾಗುತ್ತದೆ ಎಂಬುದೇ ನನ್ನ ದೊಡ್ಡ ಭಯವಾಗಿತ್ತು. ನಾಯಿ ಕುರಿಯನ್ನು ಕಚ್ಚಿದರೆ ಅನರ್ಹತೆ ಹೇಗೂ ಆಗುತ್ತದೆ. ಆದರೆ ಅದಕ್ಕಿಂತ ಬಹಳ ಮೊದಲೇ, ಕುರಿಗಳು ಚದುರಿ ಎಳೆಯ ನಾಯಿ ಕಂಗೆಟ್ಟು ಬೆನ್ನಟ್ಟತೊಡಗಿದಾಗಲೇ, ಓಟವನ್ನು ನಿಲ್ಲಿಸುವ ಹಕ್ಕು ನಡೆಸುವವರಿಗೆ ಇದೆ. ತೀರ್ಪುಗಾರರಿಗೆ ತಿಳಿಸಿ, ನಾಯಿಯನ್ನು ಕರೆದುಕೊಂಡರೆ ಆಯಿತು. ಅದನ್ನು ಇಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ, ನಾಯಿಯ ಬಗೆಗಿನ ಕಾಳಜಿಯೆಂದೇ ನೋಡುತ್ತಾರೆ. ನಿಲ್ಲುವ ಸಿಳ್ಳೆಯನ್ನು ನೆಲ್ ಎರಡು ಸಲ ಕೇಳಿಸಿಕೊಳ್ಳದೆ ಹೋದರೆ ಮೂರನೆಯದನ್ನು ಊದದೆ ಗೂಟ ಬಿಟ್ಟು ಅವಳ ಕಡೆಗೆ ನಡೆಯುತ್ತೇನೆ ಎಂದು ಹಿರಿಯರಿಗೆ ಫೋನ್ ಮಾಡಿ ಹೇಳಿದೆ. ಅವರು ಒಪ್ಪಿದರು. ಹಾಗೇನಾದರೂ ಆದರೆ ಅವಳನ್ನು ತಕ್ಷಣ ಕಾರಿಗೆ ಹತ್ತಿಸದೆ, ಕುರಿಗಳನ್ನು ನಿಧಾನವಾಗಿ ದೊಡ್ಡಿಗೆ ಸೇರಿಸುವ ಕೆಲಸವನ್ನು ಅವಳಿಂದಲೇ ಮಾಡಿಸು, ಹೊಲದಿಂದ ಹೊರಬರುವಾಗ ಅವಳು ಸರಿಯಾದ ಕೆಲಸ ಮಾಡಿಯೇ ಬರಬೇಕು ಎಂದರು. ಆ ದೊಡ್ಡಿಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ನಾಳೆ ಹೋದೊಡನೆ ನೋಡಿಕೊಳ್ಳಬೇಕು.