ಒಂದು ಮುಷ್ಟಿ ಎತ್ತರದ ಧ್ರುವ

ಬರಿಗಣ್ಣಿನಿಂದ ಆಕಾಶ ನೋಡುವುದನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾನು ಹೇಳುವುದು ಮೇ ತಿಂಗಳ ನಡುಭಾಗದ, ಚಂದ್ರನಿಲ್ಲದ ಒಂದು ರಾತ್ರಿಯನ್ನು. ನಮ್ಮ ಮಂಡ್ಯದ ಕಡೆ ಸಂಜೆಯ ಗುಡುಗು ಮಳೆ ಸುರಿದು ದೂಳು ತೊಳೆದುಹೋಗಿದ್ದರೆ, ಒಂಬತ್ತೂಕಾಲರ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲವೂ ದಕ್ಷಿಣದಲ್ಲಿ ತ್ರಿಶಂಕು (ಸದರ್ನ್ ಕ್ರಾಸ್) ನಕ್ಷತ್ರಪುಂಜವೂ ಒಟ್ಟಿಗೇ ಕಾಣುತ್ತವೆ.

ಮಹಡಿಗೆ ಅರ್ಧ ಗಂಟೆ ಮೊದಲೇ ಹೋಗಿ ಕುಳಿತಿರಬೇಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಕಾಯುವಿಕೆಯೆಲ್ಲ ವ್ಯರ್ಥ.

ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳಲ್ಲಿ ನಾಲ್ಕು ಸೇರಿ ಒಂದು ಚೌಕ, ಉಳಿದ ಮೂರು ಅದರ ಬಾಲ. ಚೌಕದ ಹೊರಬದಿಯಲ್ಲಿ, ಎಂದರೆ ಬಾಲಕ್ಕೆ ಎದುರು ಬದಿಯಲ್ಲಿರುವ ಪುಲಹ ಮತ್ತು ಕ್ರತು ನಕ್ಷತ್ರಗಳನ್ನು ಜೋಡಿಸುವ ಗೆರೆಯನ್ನು, ಅವುಗಳ ನಡುವಿನ ಅಂತರದ ಸುಮಾರು ಐದು ಪಟ್ಟು ದೂರ, ದಿಗಂತದ ಕಡೆಗೆ ಇಳಿಸಿದರೆ ಧ್ರುವ ಸಿಗುತ್ತದೆ. ಬಹಳ ಹೊಳೆಯುವ ನಕ್ಷತ್ರವನ್ನು ನಿರೀಕ್ಷಿಸಬೇಡಿ. ಹೊಳಪಿನಲ್ಲಿ ಧ್ರುವನಿಗೆ ಮೊದಲ ನಲವತ್ತರಲ್ಲೂ ಸ್ಥಾನವಿಲ್ಲ. ಅದರ ಹಿರಿಮೆ ಇರುವುದು ಹೆಚ್ಚುಕಡಿಮೆ ಅಲುಗದಿರುವುದರಲ್ಲಿ. ನೀಳವಾಗಿ ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು ಸುಮಾರು 1 ಡಿಗ್ರಿ. ದಿಗಂತದ ಮೇಲೆ ಮುಷ್ಟಿಯನ್ನಿಟ್ಟು ಅದರ ಮೇಲೆ ಎರಡು ಮೂರು ಕಿರುಬೆರಳು ಸೇರಿಸಿದರೆ ಮಂಡ್ಯದಲ್ಲಿ ಧ್ರುವನ ಎತ್ತರ ಬರುತ್ತದೆ, ಏಕೆಂದರೆ ಆ ಎತ್ತರ ನಾವು ನಿಂತ ಊರಿನ ಅಕ್ಷಾಂಶಕ್ಕೆ ಬಹುಮಟ್ಟಿಗೆ ಸಮ. ಬೀದರಿನಲ್ಲಿ ಅದು 18 ಡಿಗ್ರಿ, ಎಂದರೆ ಹೆಚ್ಚುಕಡಿಮೆ ಎರಡು ಮುಷ್ಟಿ. ಬರಿಗೈಯಿಂದ ಭೂಮಿಯ ಮೇಲಿನ ನಮ್ಮ ನೆಲೆಯನ್ನು ಅಳೆಯಬಹುದೆಂಬುದು ನನಗೆ ಇಂದಿಗೂ ಅಚ್ಚರಿಯೇ.

ಸಪ್ತರ್ಷಿಗಳ ಬಾಲದ ನಡುವೆ ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಮಂಕಾದ ಅರುಂಧತಿ. ಮದುವೆಯಲ್ಲಿ ಪುರೋಹಿತರು ತೋರಿಸುವ ಅರುಂಧತಿಯನ್ನು ನಿಜವಾಗಿ ಕಂಡವರು ಎಷ್ಟು ಮಂದಿಯೋ! ನೇರ ನೋಟಕ್ಕೆ ಸಿಗದಿದ್ದರೆ ತುಸು ಪಕ್ಕಕ್ಕೆ ನೋಡಿ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲ, ಅದರ ಸುತ್ತ ಇವೆ. ಅದೇ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಆಮೇಲೆ ನೀಲಿ ಛಾಯೆಯ ಚಿತ್ತಾ.

ಈಗ ದಕ್ಷಿಣಕ್ಕೆ ತಿರುಗಿ. ನಾಲ್ಕು ನಕ್ಷತ್ರಗಳ ಗಾಳಿಪಟದಂತಿರುವ ತ್ರಿಶಂಕುವಿನ ಅತಿ ಕೆಳಗಿನ ನಕ್ಷತ್ರ ಆಗ ದಿಗಂತದಿಂದ 14 ಡಿಗ್ರಿ ಮೇಲಿರುತ್ತದೆ, ಅಂದರೆ ಧ್ರುವನಿಗಿಂತಲೂ ತುಸು ಎತ್ತರದಲ್ಲಿ. ಅದರ ಎಡಕ್ಕಿರುವ ಎರಡು ಪ್ರಖರ ನಕ್ಷತ್ರಗಳಲ್ಲಿ ದೂರದ್ದು ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ಅತ್ಯಂತ ಸಮೀಪದ ನಕ್ಷತ್ರ ಅದೇ. ಈ ಜೋಡಿ ಪಕ್ಕದಲ್ಲಿದ್ದರೆ ನೀವು ನೋಡುತ್ತಿರುವುದು ತ್ರಿಶಂಕುವೇ ಎಂದು ನಂಬಬಹುದು. ಧ್ರುವನನ್ನೂ ತ್ರಿಶಂಕುವನ್ನೂ ಒಂದೇ ಮಹಡಿಯಿಂದ, ಬರೀ ಮುಖ ತಿರುಗಿಸಿ ಕಾಣುವ ಅವಕಾಶ ದೆಹಲಿಯವರಿಗೆ ಇಷ್ಟು ಸುಲಭವಾಗಿಲ್ಲ.

ಮೇ ತಿಂಗಳಲ್ಲಿ ಮೋಡ ಕವಿದು ನಿರಾಸೆಯಾದರೆ, ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಹುಟ್ಟುವುದರಿಂದ, ಇದೇ ಆಕಾಶವನ್ನು ಫೆಬ್ರವರಿಯ ನಡುಭಾಗದಲ್ಲಿ ಬೆಳಗಿನ ಜಾವ ಮೂರೂಕಾಲಕ್ಕೆ, ಒಣಹವೆಯಲ್ಲಿ, ಇನ್ನೂ ನಿಚ್ಚಳವಾಗಿ ನೋಡಬಹುದು.