ನಾಸಿಕ್ ರೋಡಿಗೆ ಕುಚ್ಚಲಕ್ಕಿ

ಉಡುಪಿಯಿಂದ ನಾಸಿಕ್ ರೋಡಿಗೆ ರೈಲು ಇಲ್ಲವಾ ಅಂತ ಎಲ್ಲರೂ ಕೇಳಿದರು. ಉಂಟು. ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ನೇರ ಅಲ್ಲೇ ಇಳಿಯಬಹುದು. ಆದರೆ ಸೇನೆಗೆ ಸೇರಿದ ಮಗ ಅಲ್ಲಿ ತರಬೇತಿ ಮುಗಿಸಿ ಪ್ರತಿಜ್ಞೆ ಮಾಡುವ ಕಸಂ ಪರೇಡಿನ ತಾರೀಕು ನಮಗೆ ಗೊತ್ತಾಗುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಮೈಲುದ್ದ ಆಗಿತ್ತು. ಅದೂ ಅಲ್ಲದೆ ಹೆಂಡತಿ ಕಟ್ಟಿಟ್ಟ ಸಾಮಾನು ನೋಡಬೇಕಿತ್ತು: ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಸಿಗಡಿ ಚಟ್ನಿ, ಕೋರಿರೊಟ್ಟಿ ಪ್ಯಾಕೆಟ್, ಕುಕ್ಕರು, ಮೇಲಿಂದ ಒಂದು ಸಣ್ಣ ಗ್ಯಾಸ್ ಸಿಲಿಂಡರ್.

"ಸಿಲಿಂಡರ್ ರೈಲಿಗೆ ಬಿಡುದಿಲ್ಲ ಮಾರಾಯ್ತಿ" ಅಂದೆ.

"ಹಾಗಾದ್ರೆ ಕಾರಲ್ಲೇ ಹೋಗುವ" ಅಂದಳು. ಅಲ್ಲಿಗೆ ತೀರ್ಮಾನ ಆಯಿತು.

ಸುಮಾರು ಒಂಬೈನೂರು ಕಿಲೋಮೀಟರ್. ಭಾವನೂ ನಾನೂ ಬದಲಿಸಿಕೊಂಡು ಗಾಡಿ ಬಿಡುವುದೆಂದು ಮಾತಾಯಿತು. ಬ್ರಹ್ಮಾವರದಿಂದ ಬೆಳಗಿನ ಜಾವ ಹೊರಟು ಕುಂದಾಪುರ, ಭಟ್ಕಳ, ಕುಮಟಾ ದಾಟಿದೆವು. ಅಂಕೋಲೆಗಿಂತ ಮೊದಲು ಶಿರೂರು ಬಂತು. 2024ರ ಜುಲೈಯಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೇ ಗಂಗಾವಳಿಗೆ ತಳ್ಳಿದ ಜಾಗ. ಆಗ ಹುಡುಕಾಟಕ್ಕೆ ಸೇನೆಯವರೂ ಬಂದಿದ್ದರು. ಅದನ್ನು ಟಿವಿಯಲ್ಲಿ ನೋಡುತ್ತಿದ್ದ ಮಗ ಊಟದ ತಟ್ಟೆಯನ್ನೇ ಮರೆತಿದ್ದ. ಮುಂದೆ ದಿನಾ ಬೆಳಿಗ್ಗೆ ಮಲ್ಪೆಯ ಮರಳಲ್ಲಿ ಓಡಲು ಶುರು ಮಾಡಿದ. ಸೇನೆಯ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಮಾರ್ಕು ಅಂತೆ. ಮರಳಲ್ಲಿ ಓಡಿದವನಿಗೆ ಗಟ್ಟಿ ನೆಲ ಸಲೀಸು ಅನ್ನುವುದು ಅವನ ಲೆಕ್ಕ.

ಅಂಕೋಲೆಯಲ್ಲಿ ಬಲಕ್ಕೆ ತಿರುಗಿ ಅರಬೈಲು ಘಾಟಿ ಹತ್ತಿದ ಮೇಲೆ ನನ್ನ ಹಳೇ ದಾರಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯ ಹುಡುಗರು ಬೊಂಬಾಯಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ: ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ. ಹತ್ತನೇ ಕ್ಲಾಸ್ ಫೇಲಾದ ನನ್ನನ್ನು ದೂರದ ಸಂಬಂಧಿಯೊಬ್ಬರ ಹೋಟೆಲಿನಲ್ಲಿ ತಟ್ಟೆ ತೊಳೆಯಲು ಕಳಿಸಿದ್ದೂ ಹಾಗೆಯೇ. ಘಾಟಿಯ ಚಂದ ಆಗ ಕಂಡಿರಲಿಲ್ಲ. ಕಂಡದ್ದು ವಾಂತಿಗೆ ಅಂತ ಅಮ್ಮ ಕೊಟ್ಟಿದ್ದ ಪ್ಲಾಸ್ಟಿಕ್ ಚೀಲ ಮಾತ್ರ.

ಆಗ ನನ್ನ ಅಪ್ಪನನ್ನು ಯಾರೂ "ಯಾಕೆ ಕಳಿಸಿದ್ರಿ" ಅಂತ ಕೇಳಲಿಲ್ಲ. ಹದಿನಾರರ ಹುಡುಗ ಬೊಂಬಾಯಿಯ ಹೋಟೆಲಿನ ಮೋರಿಯ ಹತ್ತಿರ ಮಲಗುವುದು ನಮ್ಮೂರಿಗೆ ಮಾಮೂಲಿ. ದುಬೈಗೆ ಹೋದರಂತೂ ಹೆಮ್ಮೆ. ಮಗ ಅಗ್ನಿವೀರನಾಗಿ ಹೊರಟಾಗ ಮಾತ್ರ ಅಂಗಡಿಗೆ ಬಂದವರೆಲ್ಲ ದನಿ ತಗ್ಗಿಸಿದರು. "ಬೇರೆ ಎಂತ ಸಿಗಲಿಲ್ವಾ?" "ಇರುದು ಒಬ್ಬನೇ ಅಲ್ವಾ?" "ನಾಲ್ಕು ವರ್ಷ ಆದ ಮೇಲೆ?" ಕಡೆಯ ಪ್ರಶ್ನೆ ನ್ಯಾಯದ್ದೇ. ನೂರರಲ್ಲಿ ಇಪ್ಪತ್ತೈದು ಜನರನ್ನಷ್ಟೇ ಉಳಿಸಿಕೊಳ್ಳುತ್ತಾರೆ, ಉಳಿದವರ ಕೈಗೆ ಹನ್ನೊಂದು ಲಕ್ಷ ಚಿಲ್ಲರೆ ಕೊಟ್ಟು ಕಳಿಸುತ್ತಾರೆ. ನನಗೂ ರಾತ್ರಿ ಎಚ್ಚರವಾದಾಗ ಅದೇ ಲೆಕ್ಕ. ಆದರೆ ಕೇಳಿದವರಿಗೆ ಉತ್ತರ ಬೇಕಿರಲಿಲ್ಲ.

ಸಾತಾರಾ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಹೋಟೆಲಿನ ಮುದುಕ, ಎಲ್ಲಿಗೆ ಸವಾರಿ ಅಂದ. ಮಿಲಿಟರಿಯಲ್ಲಿರುವ ಮಗನನ್ನು ನೋಡಲು ಅಂತ ನನ್ನ ಬೊಂಬಾಯಿ ಮರಾಠಿಯಲ್ಲಿ ಹೇಳಿದೆ. "ಯಾವ ರೆಜಿಮೆಂಟು?" ಅಷ್ಟೇ ಅವನ ಪ್ರಶ್ನೆ. ತೋಫ್‌ಖಾನಾ, ಅಂದರೆ ಆರ್ಟಿಲರಿ, ಅಂದೆ. ತನ್ನ ತಮ್ಮ ಮರಾಠಾ ರೆಜಿಮೆಂಟಿನಲ್ಲಿದ್ದ, ಮಗ ಸಿಗ್ನಲ್ಸ್‌ನಲ್ಲಿದ್ದಾನೆ ಅಂತ, ನಾವು ತೋಟದ ಅಡಿಕೆ ತಳಿ ಹೇಳುವ ಹಾಗೆ ಹೇಳಿಕೊಂಡು ಹೋದ. ಆ ಜಿಲ್ಲೆಯ ಅಪಶಿಂಗೆ ಎಂಬ ಊರಿನ ಹೆಸರಿಗೇ 'ಮಿಲಿಟರಿ' ಅಂತ ಸೇರಿಸಿ ಹೇಳುತ್ತಾರೆ. ಮುದುಕ ಚಹಾದ ದುಡ್ಡನ್ನೇನೂ ಬಿಡಲಿಲ್ಲ. ಅದೂ ನನಗೆ ಹಿತವಾಯಿತು.

ಪುಣೆಯ ಟ್ರಾಫಿಕ್ಕಿನ ವಿಷಯ ಬೇಡ.

ಡಿಸೆಂಬರಿನ ನಾಸಿಕ್ ನಮ್ಮ ಕರಾವಳಿಯ ಮೈಗೆ ಸಾಧಾರಣ ಚಳಿಯಲ್ಲ. ಭಾವ ಎರಡು ಶರ್ಟು ಹಾಕಿಕೊಂಡು ಪರೇಡ್ ಮೈದಾನದಲ್ಲಿ ಕೂತ. ಬೇರೆ ರೆಜಿಮೆಂಟಿನವರಿಗೆ ತಮ್ಮ ಧ್ವಜ ಇರುತ್ತದೆ, ಆರ್ಟಿಲರಿಯವರಿಗೆ ತೋಪೇ ಧ್ವಜ. ಆ ತೋಪುಗಳ ಮುಂದೆ ಸಾಲುಸಾಲು ಹುಡುಗರು ಕಸಂ ತಿಂದರು. ಅಷ್ಟು ಬೋಳು ಕತ್ತುಗಳಲ್ಲಿ ನಮ್ಮದು ಯಾವುದೆಂದು ನಮಗಿಬ್ಬರಿಗೂ ತಿಳಿಯಲಿಲ್ಲ. ಹೆಂಡತಿ ಬೇರೆ ಯಾರದೋ ಮಗನನ್ನು ನೋಡಿ ಧಾರಾಳವಾಗಿ ಅತ್ತಳು. ಆಮೇಲೆ ಅಪ್ಪ ಅಮ್ಮಂದಿರ ಎದೆಗೆ ಗೌರವ ಪದಕ ಸಿಕ್ಕಿಸಿದರು. ಎದೆಯುಬ್ಬಿಸಿ ನಿಂತು ಅಭ್ಯಾಸವಿಲ್ಲದ ನಾನು ಫೋಟೋದಲ್ಲಿ ಕಳ್ಳನ ಹಾಗಿದ್ದೇನೆ.

ಮಗನಿಗೆ ಹೊರಗೆ ಬರಲು ಔಟ್‌ಪಾಸ್ ಸಿಕ್ಕಿದ್ದು ಸಂಜೆಯವರೆಗೆ. ಲಾಡ್ಜಿನವನನ್ನು ಪುಸಲಾಯಿಸಿ ತಾರಸಿಯಲ್ಲಿ ಒಲೆ ಹೂಡಿದ್ದಾಯಿತು. ಗಾಳಿಗೆ ಉರಿ ಆರಬಾರದೆಂದು ಭಾವ ರಟ್ಟು ಹಿಡಿದು ಕೂತ. ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ಮಗ ಬೆನ್ನು ನೆಟ್ಟಗೆ ಮಾಡಿ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲೇ ಇದ್ದ. "ಒರಗಿ ಕೂತ್ಕೋ ಮಗ" ಅಂದರೆ "ಜೀ" ಅಂದ, ಒರಗಲಿಲ್ಲ. ತೋಳು ಮಡಚಿದಾಗ ಮೊಣಕೈ ಕಂಡಿತು. ತೆವಳಿ ತೆವಳಿ ಅಲ್ಲಿನ ಚರ್ಮ ಕಪ್ಪಾಗಿ, ದಪ್ಪಗೆ ಜಡ್ಡುಗಟ್ಟಿತ್ತು. ಹೆಂಡತಿ ಮಾತಿಲ್ಲದೆ ಕೊಬ್ಬರಿ ಎಣ್ಣೆ ತಂದು ತಿಕ್ಕತೊಡಗಿದಳು. "ಬೇಡ ಅಮ್ಮ, ಅದು ಮೆತ್ತಗಾದ್ರೆ ಮತ್ತೆ ನೋವು" ಅಂತ ಕೈ ಎಳೆದುಕೊಂಡ.

ಗಂಜಿ ಬಡಿಸಿದ್ದೇ ತಡ, ತಲೆ ಎತ್ತಲಿಲ್ಲ. ಸಿಗಡಿ ಚಟ್ನಿಯ ಡಬ್ಬವನ್ನು ಮೊಣಕಾಲ ನಡುವೆ ಹಿಡಿದುಕೊಂಡೇ ಉಂಡ. ಮೂರನೇ ಸಲ ಬಡಿಸುವಾಗ ಭಾವ, "ಅಲ್ಲಿ ಎಂತ ಕೊಡ್ತಾರೆ ಊಟಕ್ಕೆ?" ಅಂತ ಕೇಳಿದ. "ಎಲ್ಲ ಕೊಡ್ತಾರೆ ಮಾವ. ಟೈಮ್ ಕೊಡುದಿಲ್ಲ" ಅಂದ. ಉಂಡೆದ್ದು ನಮ್ಮ ತಟ್ಟೆಗಳನ್ನೂ ಸೇರಿಸಿ ತೊಳೆದಿಟ್ಟ. ಬೊಂಬಾಯಿಯ ಕಣ್ಣು ನನ್ನದು, ಅಂಚು ತಿರುಗಿಸಿ ನೋಡಿದೆ. ತಪ್ಪು ಸಿಗಲಿಲ್ಲ.

ಊರಿಗೆ ಬಂದ ಮರುದಿನ ಅಂಗಡಿಗೆ ಆಚೆಮನೆಯವರು ಬಂದರು. ಪ್ರಯಾಣ, ಪರೇಡ್, ತೋಪು ಎಲ್ಲ ಕೇಳಿದರು. ಪದಕ ತೋರಿಸಿದೆ. ಅಂಗೈಯಲ್ಲಿಟ್ಟು ಎರಡು ಸಲ ತೂಗಿ ನೋಡಿದರು.

"ಬೆಳ್ಳಿಯದ್ದಾ?" ಅಂದರು.